ಕ್ಯಾಸೆಟ್ಟಿನಲ್ಲಿ ಉಳಿದ ಗುರು

ಯಕ್ಷಗಾನದ ಭಾಗವತ ಕಾಳಿಂಗ ನಾವಡರ ದನಿಯನ್ನು ನಾನು ಮೊದಲು ಕೇಳಿದ್ದು ಆಟದ ಬಯಲಿನಲ್ಲಲ್ಲ, ಬೀದರಿನ ಒಂದು ಉಡುಪಿ ಹೋಟೆಲಿನಲ್ಲಿ. ಎಕಂಬಾದಿಂದ ಬಂದು ಬೀದರಿನಲ್ಲಿ ಕಾಲೇಜು ಓದುತ್ತಿದ್ದ ದಿನಗಳು. ಅಡುಗೆಮನೆಯ ಗೂಡಿನಲ್ಲಿ ಎಣ್ಣೆ ಜಿಡ್ಡು ಹಿಡಿದ ಟೇಪ್ ರೆಕಾರ್ಡರ್ ಇತ್ತು. ಅದರ ಮುಚ್ಚಳ ಮುರಿದಿದ್ದರಿಂದ ಕ್ಯಾಸೆಟ್ಟು ಅಲುಗದಂತೆ ಒಂದು ಬೀಡಿ ಕಟ್ಟಿನ ಕಾಗದವನ್ನು ಮಡಚಿ ತುರುಕಿದ್ದರು. ಯಾರೋ ಆಟದ ಗದ್ದಲದ ನಡುವೆಯೇ ಹಿಡಿದುಕೊಂಡ ಪ್ರತಿ ಅದು. ಮೊದಲು ಜನರ ಮಾತು, ಒಂದು ಕೆಮ್ಮು, ಚೆಂಡೆ. ಆಮೇಲೆ ಆ ದನಿ.

"ಯಾರ್ರೀ ಇಂವ? ಭಾಳ ಛಂದ ಹಾಡ್ತಾನಲ್ಲ" ಅಂದೆ. ಕುಂದಾಪುರದ ಕಡೆಯ ಆ ಅಡುಗೆಯವರು ಕಾವಲಿಯಿಂದ ಕಣ್ಣು ತೆಗೆಯದೆ, "ನಾವಡ್ರು. ಈಗ ಇಲ್ಲ ಮಾರಾಯ್ರೆ" ಅಂದರು. ನನ್ನ ದೋಸೆ ಒಂದು ಬದಿ ಸೀದಿತ್ತು. ಏನೂ ಅನ್ನದೆ ತಿಂದೆ.

ಯಕ್ಷಗಾನ ನಮ್ಮ ಸೀಮೆಯದಲ್ಲ. ಔರಾದ, ಭಾಲ್ಕಿ ಕಡೆಯವರ ಕಿವಿ ಪಳಗಿದ್ದು ಪೇಟಿ, ತಬಲಾ, ತಾಳದ ಭಜನೆಗೆ. ಒಂದೇ ರಾತ್ರಿಯಲ್ಲಿ ವಚನ, ತತ್ವಪದ, ಮರಾಠಿ ಅಭಂಗ ಮೂರೂ ಬಂದುಹೋಗುವ ಭಜನೆಗೆ. ಹಾಗಾಗಿ ಇದು ಹೊರಗಿನವನ ವಿಮರ್ಶೆ. ಕರಾವಳಿಯ ಹಿರಿಯರು ತಪ್ಪು ಹಿಡಿದರೆ ಒಪ್ಪಿಕೊಳ್ಳಬಲ್ಲೆ. ಆದರೆ ಹೊರಗಿನವನಿಗೆ ಒಂದು ಅನುಕೂಲವೂ ಇದೆ, ಅವನು ಅಭಿಮಾನಿಯಾಗಿ ಶುರು ಮಾಡಿರುವುದಿಲ್ಲ.

ಗುಂಡ್ಮಿ ಕಾಳಿಂಗ ನಾವಡರು ಹುಟ್ಟಿದ್ದು 1958ರ ಜೂನ್ 6ರಂದು. 1990ರ ಮೇ 27ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ 32 ತುಂಬಲು ಇನ್ನೂ ಹತ್ತು ದಿನ ಬಾಕಿ. ಆರು ತಿಂಗಳು ಊರೂರು ಸುತ್ತಿ ರಾತ್ರಿಯಿಡೀ ಹಾಡಿದ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಕಾಲವದು. ತಂದೆ ರಾಮಚಂದ್ರ ನಾವಡರೂ ಭಾಗವತರು. ತಿದ್ದಿದ ಗುರು ನಾರ್ಣಪ್ಪ ಉಪ್ಪೂರರು. ಹೆಸರು ತಂದುಕೊಟ್ಟದ್ದು ಸಾಲಿಗ್ರಾಮದ ಡೇರೆ ಮೇಳ.

ಅವರ ಬಗ್ಗೆ ಮಾತೆತ್ತಿದರೆ ಎಲ್ಲರೂ ಕೋಗಿಲೆಯನ್ನು ಎಳೆತರುತ್ತಾರೆ. ನನಗೆ ಆ ಬಿರುದಿನ ಮೇಲೆಯೇ ಸಿಟ್ಟು. ಕೋಗಿಲೆಗೆ ಗುರುವಿಲ್ಲ, ತಾಲೀಮಿಲ್ಲ, ಅದು ತಾಳ ತಪ್ಪಿ ಬೈಸಿಕೊಂಡದ್ದಿಲ್ಲ. ಕೋಗಿಲೆ ಅಂದುಬಿಟ್ಟರೆ ಆ ಮನುಷ್ಯ ಮಾಡಿದ ಕೆಲಸವೆಲ್ಲ ಪ್ರಕೃತಿಯ ಖಾತೆಗೆ ಜಮೆಯಾಗುತ್ತದೆ.

ಅವರು ಮಾಡಿದ ಕೆಲಸವನ್ನೇ ನೋಡೋಣ. ಯಕ್ಷಗಾನದ ಬಡಗುತಿಟ್ಟು ಶೈಲಿಯಲ್ಲಿ ಭಾಗವತ ಬರೀ ಹಾಡುಗಾರನಲ್ಲ. ತಾಳ ಹಿಡಿದು ಕೂತು ಇಡೀ ಆಟವನ್ನು ನಡೆಸುವವನು. ಪದ್ಯ ಎತ್ತುವುದು, ಕುಣಿತಕ್ಕೆ ಬಿಡುವುದು, ವೇಷಧಾರಿಯ ಮಾತು, ಅಂದರೆ ಅರ್ಥ, ಉದ್ದವಾದರೆ ಮುಂದಿನ ಪದ್ಯದಿಂದ ಕತ್ತರಿಸುವುದು, ಎಲ್ಲ ಅವನ ಕೈಯಲ್ಲಿ. ಭಾಗವತನೇ ಒಂದನೆಯ ವೇಷ ಎಂಬ ಮಾತು ಸುಮ್ಮನೆ ಬಂದದ್ದಲ್ಲ. ಈ ಯಜಮಾನಿಕೆಯೊಳಗೆ ನಾವಡರು ಇನ್ನೊಂದನ್ನು ಸೇರಿಸಿದರು. ಅವರ ಭಾಗವತ ಕಥೆಯನ್ನು ನಡೆಸುತ್ತಲೇ ಅದನ್ನು ತಾನೂ ಅನುಭವಿಸುತ್ತಾನೆ. ಆ ಹೋಟೆಲಿನ ಟೇಪಿನಲ್ಲಿ ಕರುಣೆಯ ಒಂದು ಪದ್ಯ ಇತ್ತು. ಸಾಲಿನ ನಡುವಿನ ಒಂದು ಅಕ್ಷರವನ್ನು ಅವರು ಹಿಡಿದು ನಿಲ್ಲುತ್ತಾರೆ. ಮದ್ದಳೆ ಕೆಳದನಿಯಲ್ಲಿ ನುಡಿಯುತ್ತ ಕಾಯುತ್ತದೆ. ದನಿ ಮೇಲಕ್ಕೆ ಹೋಗುತ್ತದೆ ಅಂದುಕೊಳ್ಳುವಷ್ಟರಲ್ಲಿ ಕೆಳಗಿಳಿದು, ಮಾತಾಡಿದಷ್ಟೇ ಮೆಲ್ಲಗೆ ಆ ಪದವನ್ನು ಮುಗಿಸುತ್ತದೆ. ಜನರ ಗದ್ದಲ ಆ ಹೊತ್ತಿಗೆ ನಿಂತಿರುತ್ತದೆ. ಕರಾವಳಿಯ ಕನ್ನಡ ಗೊತ್ತಿಲ್ಲದ ನನಗೂ ಒಂದೊಂದು ಪದ ತಿಳಿಯುತ್ತಿತ್ತು. ಎತ್ತರದ ಶ್ರುತಿಯಲ್ಲಿ ಮಾತನ್ನು ನುಂಗದೆ ಹಾಡುವುದು ಎಷ್ಟು ಕಷ್ಟ ಎಂಬುದು ಒಂದು ಭಜನೆಯನ್ನಾದರೂ ಎತ್ತಿದವರಿಗೆ ಗೊತ್ತು.

ಯಕ್ಷಗಾನಕ್ಕೆ ಹೊಸದಾದ ರಾಗಗಳನ್ನು ಅವರು ತಂದರು. ಸಂಪ್ರದಾಯವಾದಿಗಳ ಆಕ್ಷೇಪ ಹೆಚ್ಚಾಗಿ ಇಲ್ಲಿಗೇ ಬಂದು ನಿಲ್ಲುತ್ತದೆ. ನನ್ನ ತಕರಾರು ಅದಲ್ಲ. ರಾಗ ಎಲ್ಲಿಂದಲೂ ಬರಬಹುದು. ಪಕ್ಕದ ಕೋಟದವರೇ ಆದ ಶಿವರಾಮ ಕಾರಂತರು ತಮ್ಮ ಪ್ರಯೋಗಗಳಿಗೆ ಪಿಟೀಲು, ಸ್ಯಾಕ್ಸೋಫೋನುಗಳನ್ನೇ ತಂದವರು. (ಕಾರಂತರ 'ಯಕ್ಷಗಾನ ಬಯಲಾಟ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1959ರಲ್ಲಿ, ನಾವಡರು ಹುಟ್ಟಿದ ಮರುವರ್ಷವೇ. ಕಲೆಯ ಶಾಸ್ತ್ರ ಬರೆದವರೂ ಅದನ್ನು ಅಲುಗಾಡಿಸಿದವರೂ ಒಂದೇ ಕಡಲ ಗಾಳಿ ಕುಡಿದವರು.) ನನ್ನ ತಕರಾರಿರುವುದು ಕಾಲದ ಬಗ್ಗೆ. ಪದ್ಯವನ್ನು ಅಷ್ಟು ನಿಧಾನಕ್ಕೆ ಬಿಡಿಸಿದಾಗ ರಂಗದ ಮೇಲಿರುವ ವೇಷಧಾರಿ ಏನು ಮಾಡಬೇಕು? ಅಭಿನಯ ಬಲ್ಲವನು ಆ ಹೊತ್ತನ್ನು ತುಂಬುತ್ತಾನೆ. ಬಾರದವನು ಕೈ ತಿರುಗಿಸುತ್ತ ಹೊತ್ತು ಕಳೆಯುತ್ತಾನೆ. ಟೇಪಿನಲ್ಲಿ ಇದು ಕಾಣುವುದಿಲ್ಲ. ಬಹಳ ವರ್ಷದ ನಂತರ ಕೆಲಸದ ಮೇಲೆ ಆ ಕಡೆ ಹೋಗಿ ಒಂದು ಆಟ ನೋಡಿದಾಗ ತಿಳಿಯಿತು. ಹಾಡುತ್ತಿದ್ದ ಎಳೆಯ ಭಾಗವತರು ನಾವಡರ ಹಾಗೆಯೇ ಅಕ್ಷರ ಹಿಡಿದು ನಿಂತರು. ನಿಂತೇ ಇದ್ದರು. ವೇಷಧಾರಿ ಎರಡು ಸಲ ಅವರ ಕಡೆ ತಿರುಗಿ ನೋಡಿದ. ಅವರ ಕಣ್ಣು ಮುಚ್ಚಿತ್ತು.

ಪ್ರಸಂಗಗಳ ವಿಷಯದಲ್ಲಿ ನಾನು ಇನ್ನೂ ನಿಷ್ಠುರ. 'ನಾಗಶ್ರೀ', 'ಚೆಲುವೆ ಚಿತ್ರಾವತಿ' ಬರೆದವರು ಅವರೇ. ಡೇರೆಗೆ ಜನ ತಂದ ಕಲ್ಪಿತ ಕಥೆಗಳು ಅವು. ಟಿಕೆಟಿನ ಮೇಲೆ ಬದುಕುವ ಮೇಳಕ್ಕೆ ಹೊಸ ಕಥೆ ಬೇಕೇ ಬೇಕಿತ್ತು. ಆದರೆ ಆ ಪದ್ಯಗಳು ತನ್ನ ಮೈಯಳತೆಗೆ ತಾನೇ ಹೊಲಿದುಕೊಂಡ ಅಂಗಿಗಳ ಹಾಗೆ. ಅವರು ತೊಟ್ಟರೆ ಒಪ್ಪುತ್ತದೆ, ಇನ್ನೊಬ್ಬರು ತೊಟ್ಟರೆ ಹೊಲಿಗೆ ಕಾಣುತ್ತದೆ.

ಇನ್ನು ಅವರು ಕಲಿಸಿದ ಬಗೆ. ಅದೇ ಸಾಲಿಗ್ರಾಮದ ಪರಿಸರದಲ್ಲಿ ಶ್ರೀಧರ ಹಂದೆ ಮತ್ತು ಕಾರ್ಕಡ ಶ್ರೀನಿವಾಸ ಉಡುಪರು 1975ರಲ್ಲಿ ಮಕ್ಕಳ ಮೇಳ ಕಟ್ಟಿದರು. ಅಲ್ಲಿ ಮಗುವನ್ನು ಎದುರು ನಿಲ್ಲಿಸಿಕೊಂಡು ಹೆಜ್ಜೆ ತಿದ್ದುತ್ತಾರೆ. ರಾತ್ರಿಯಿಡೀ ಹಾಡಿ ಮರುದಿನ ಇನ್ನೊಂದು ಊರಿಗೆ ಹೋಗುವ ನಾವಡರಿಗೆ ಅಂಥ ಬಿಡುವೆಲ್ಲಿ? ಆದರೂ ಅವರಷ್ಟು ಹುಡುಗರಿಗೆ ಪಾಠ ಹೇಳಿದ ಭಾಗವತ ಇನ್ನೊಬ್ಬನಿಲ್ಲ. ಆ ಪಾಠ ನಡೆದದ್ದು ಕ್ಯಾಸೆಟ್ಟಿನಲ್ಲಿ. ಒತ್ತು, ಹಿಂದಕ್ಕೆ ಸುತ್ತು, ಮತ್ತೆ ಒತ್ತು. ಹಾಗೆ ಕಲಿತವರಿಗೆ ದನಿಯ ಬಳುಕು ಬಂತು, ಆ ದನಿಯ ಕೆಳಗೆ ಉಪ್ಪೂರರು ಹಾಕಿಕೊಟ್ಟ ಗಟ್ಟಿ ತಳಪಾಯ ಬರಲಿಲ್ಲ. ಗುರುವಿನ ಬೈಗುಳ ಟೇಪಿನಲ್ಲಿ ಇರುವುದಿಲ್ಲವಲ್ಲ. ನಾವಡರು 60 ವರ್ಷ ಬದುಕಿದ್ದರೆ ತಮ್ಮನ್ನು ಅನುಕರಿಸುವವರನ್ನು ತಾವೇ ಕೂರಿಸಿಕೊಂಡು ಬೈಯುತ್ತಿದ್ದರು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಬಹುಶಃ ತಮ್ಮ ಹಾಡಿಕೆಯನ್ನೇ ಎರಡು ಸಲ ಬದಲಿಸಿಕೊಂಡೂ ಇರುತ್ತಿದ್ದರು. 31ನೆಯ ವಯಸ್ಸಿನ ಹುಡುಕಾಟವನ್ನು ನಾವು ಸಿದ್ಧ ಶೈಲಿ ಎಂದು ಚೌಕಟ್ಟು ಹಾಕಿಬಿಟ್ಟೆವು.

ಇದನ್ನು ಕರಾವಳಿಯವರ ತಪ್ಪೆಂದು ಹೇಳುತ್ತಿಲ್ಲ. ನಮ್ಮೂರಲ್ಲೂ ಒಬ್ಬ ಹುಡುಗನಿದ್ದ, ಹೆಸರು ಬೇಡ. ಪೇಟಿ ನುಡಿಸುತ್ತಿದ್ದ. ಶ್ರಾವಣ ಬಂತೆಂದರೆ ಓಣಿಯ ಹುಡುಗರನ್ನೆಲ್ಲ ಗುಡಿಯ ಕಟ್ಟೆಗೆ ಎಳೆದುಕೊಂಡು ಬಂದು ಭಜನೆ ಕಲಿಸುತ್ತಿದ್ದ. ಒಂದು ಮುಂಜಾನೆ ಎದ್ದೇಳಲಿಲ್ಲ. ವರ್ಷದ ದಿನ ಫ್ಲೆಕ್ಸ್ ಹಾಕಿದೆವು, ಹಾರ ಹಾಕಿದೆವು, ಯಾರದೋ ಮೊಬೈಲಿನಲ್ಲಿದ್ದ ಅವನ ಒಂದು ಪದವನ್ನು ಸ್ಪೀಕರಿಗೆ ಜೋಡಿಸಿ ಕೇಳಿಸಿದೆವು. ಹೆಂಗಸರು ಅತ್ತರು, ನಾನೂ ಅತ್ತೆ. ಆದರೆ ಅವನ ನಿಜವಾದ ಕೆಲಸ ಆ ಮೊಬೈಲಿನಲ್ಲಿರಲಿಲ್ಲ. ತಾಳ ತಪ್ಪಿದ ಹುಡುಗನ ತೊಡೆಯ ಮೇಲೆ ಬೆರಳಿನಿಂದ ಹೊಡೆದು, "ಮತ್ತ ಮೊದಲಿಂದ" ಅನ್ನುತ್ತಿದ್ದ. ಎಷ್ಟು ಸಲ ಅಂದರೆ, ಬೇಸರ ಬಂದು ಅರ್ಧ ಹುಡುಗರು ಓಡಿಹೋಗುತ್ತಿದ್ದರು. ಉಳಿದ ಅರ್ಧ ಈಗಲೂ ಹಾಡುತ್ತಾರೆ.

ಆ ಹೋಟೆಲಿಗೆ ನಾನು ಹೋಗುತ್ತಲೇ ಇದ್ದೆ. ಅರವತ್ತು ನಿಮಿಷದ ಕ್ಯಾಸೆಟ್ಟು, ಬದಿಗೆ ಮೂವತ್ತು. ಆ ಕರುಣೆಯ ಪದ್ಯದ ನಡುವೆಯೇ ಮೊದಲ ಬದಿ ಮುಗಿಯುತ್ತಿತ್ತು. ಆ ರಾತ್ರಿ ಟೇಪು ಹಿಡಿದವನು ಬದಿ ತಿರುಗಿಸುವಷ್ಟರಲ್ಲಿ ಒಂದು ಸಾಲು ತಪ್ಪಿಹೋಗಿತ್ತು. ಟಕ್ ಎಂದು ಗುಂಡಿ ಎದ್ದ ಕೂಡಲೇ ಅಡುಗೆಯವರು ಆ ತಪ್ಪಿದ ಸಾಲನ್ನು ತಾವೇ ಹಾಡುತ್ತಿದ್ದರು. ದನಿ ಒಡಕು. ಸಟ್ಟುಗದಿಂದ ಕಾವಲಿಯ ಅಂಚಿಗೆ ತಾಳ ಹಾಕಿಕೊಂಡು, ಸಾಲು ಮುಗಿದ ಮೇಲೆಯೇ ಕೈ ಒರೆಸಿ ಕ್ಯಾಸೆಟ್ಟು ತಿರುಗಿಸುತ್ತಿದ್ದರು. ತಾಳ ಒಮ್ಮೆಯೂ ತಪ್ಪಿದ್ದು ನನಗೆ ನೆನಪಿಲ್ಲ.