ಪದವೀಪೂರ್ವ ಪರೀಕ್ಷೆಯಲ್ಲಿ ಕಾವ್ಯಾರ್ಥವಿಚಾರ

ಕಾವ್ಯವನ್ನು ಓದಿದವನು ಅದನ್ನು ತಿಳಿದನೋ ಇಲ್ಲವೋ ಎಂಬುದನ್ನು ಮತ್ತೊಬ್ಬನು ನಿರ್ಣಯಿಸುವುದು ಹೇಗೆಂಬ ಪ್ರಶ್ನೆಯು ನಮ್ಮ ಆಲಂಕಾರಿಕರಿಗೆ ಹೊಸದಲ್ಲ. ಹತ್ತನೆಯ ಶತಮಾನದ ಆದಿಭಾಗದಲ್ಲಿದ್ದ ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ, ಉಜ್ಜಯಿನಿಯಲ್ಲಿ ಕಾವ್ಯಕಾರರ ಪರೀಕ್ಷೆಯೂ ಪಾಟಲಿಪುತ್ರದಲ್ಲಿ ಶಾಸ್ತ್ರಕಾರರ ಪರೀಕ್ಷೆಯೂ ನಡೆಯುತ್ತಿದ್ದುವೆಂಬ ಐತಿಹ್ಯವನ್ನು ಹೇಳಿ, ಕಾಳಿದಾಸ ಭಾರವಿಗಳನ್ನು ಮೊದಲನೆಯದರಲ್ಲಿಯೂ ಪಾಣಿನಿ ಪತಂಜಲಿಗಳನ್ನು ಎರಡನೆಯದರಲ್ಲಿಯೂ ಎಣಿಸಿದ್ದಾನೆ. ಐತಿಹ್ಯದ ಸತ್ಯಾಸತ್ಯತೆಯು ಹೇಗೇ ಇರಲಿ, ಬೇರೆ ಬೇರೆ ಶಕ್ತಿಗಳಿಗೆ ಬೇರೆ ಬೇರೆ ಪರೀಕ್ಷಾಸ್ಥಾನಗಳನ್ನು ಕಲ್ಪಿಸಿದ ವಿವೇಕವು ಅದರಲ್ಲಿ ಸ್ಪಷ್ಟವಾಗಿದೆ. ಕರ್ನಾಟಕದ ದ್ವಿತೀಯ ಪದವೀಪೂರ್ವ ತರಗತಿಯ ಕನ್ನಡ ಪ್ರಶ್ನಪತ್ರಿಕೆಯು ಕಾವ್ಯಗ್ರಹಣ, ಭಾಷಾಜ್ಞಾನ, ರಚನಾಶಕ್ತಿ ಈ ಮೂರನ್ನೂ ಒಂದೇ ಕುಳಿತಿನಲ್ಲಿ ತೂಗಲು ಹೊರಟಿದೆ. ತೂಗುವಾಗ ಮಾತ್ರ ಈ ಮೂರಕ್ಕೂ ಹೊರತಾದ ಜ್ಞಾಪಕಶಕ್ತಿಯ ತಟ್ಟೆಯೇ ಕೆಳಕ್ಕೆ ವಾಲುತ್ತದೆ.

2023-24ನೆಯ ಶೈಕ್ಷಣಿಕ ವರ್ಷದಿಂದ ಈ ವಿಷಯದ ನೂರು ಅಂಕಗಳಲ್ಲಿ 80 ಲಿಖಿತಪರೀಕ್ಷೆಗೂ 20 ಆಂತರಿಕ ಮೌಲ್ಯಮಾಪನಕ್ಕೂ ಸಂದಿವೆ. ಪ್ರಶ್ನೆಗಳ ಜಾತಿಯು ಅಧ್ಯಾಪಕರೆಲ್ಲರಿಗೂ ಪರಿಚಿತವಾದದ್ದೇ: ಒಂದಂಕದವು, ಎರಡು ಮೂರು ವಾಕ್ಯಗಳವು, ಸಂದರ್ಭ ಸೂಚಿಸಿ ವಿವರಿಸತಕ್ಕವು, ಐದಾರು ವಾಕ್ಯಗಳವು, ಪದ್ಯಭಾಗದ ಭಾವಾರ್ಥ, ಕಡೆಗೆ ವ್ಯಾಕರಣ, ಪತ್ರ, ಪ್ರಬಂಧ. ಇವುಗಳಲ್ಲಿ ಹೆಚ್ಚು ವಿಚಾರಾರ್ಹವಾದದ್ದು ಭಾವಾರ್ಥದ ಪ್ರಶ್ನೆ.

ಕೊಟ್ಟ ಪದ್ಯವು ಪಾಠಪುಸ್ತಕದ್ದೇ ಆಗಿರುತ್ತದೆ. ಅದರ ಭಾವಾರ್ಥವನ್ನು ಉಪಾಧ್ಯಾಯರು ತರಗತಿಯಲ್ಲಿ ಹೇಳಿರುತ್ತಾರೆ. ಅಂಗಡಿಯ ಗೈಡುಗಳು ಅಚ್ಚುಮಾಡಿರುತ್ತವೆ. ಹೀಗಿರುವಾಗ ವಿದ್ಯಾರ್ಥಿಯು ಬರೆಯುವುದು ಪದ್ಯದ ಭಾವಾರ್ಥವನ್ನಲ್ಲ, ಭಾವಾರ್ಥದ ಪಾಠವನ್ನು. ಸಂಸ್ಕೃತ ಪಾಠಶಾಲೆಗಳಲ್ಲಿ ವ್ಯಾಖ್ಯಾನವೆಂದರೆ ಪದಚ್ಛೇದ, ಪದಾರ್ಥ, ವಿಗ್ರಹ, ವಾಕ್ಯಯೋಜನೆ, ಆಕ್ಷೇಪ, ಸಮಾಧಾನ ಎಂಬ ಕ್ರಮವುಂಟು. ಈ ಕ್ರಮದ ಗುಣವೇನೆಂದರೆ ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಓದುಗನು ತಪ್ಪಲು ಅವಕಾಶವಿದೆ, ತಪ್ಪಿದ್ದು ಎಲ್ಲಿ ಎಂಬುದೂ ಕಾಣುತ್ತದೆ. ಹಳಗನ್ನಡ ಕಂದಪದ್ಯದ ಸಂಧಿಯನ್ನು ಬಿಡಿಸಲಾರದವನೂ ಇಂದಿನ ಪರೀಕ್ಷೆಯಲ್ಲಿ ಅದರ ಭಾವಾರ್ಥಕ್ಕೆ ಪೂರ್ಣಾಂಕಗಳನ್ನು ಪಡೆಯಬಹುದು. ಹಾಗೆಂದು ಹಿಂದಿನದೆಲ್ಲವೂ ಚಿನ್ನವೆನ್ನುವಂತಿಲ್ಲ. ಓಲೆಯ ಕಟ್ಟಿಗೆ ಸೂಜಿಯನ್ನು ಚುಚ್ಚಿ, ಅದರ ಮೊನೆಯು ಮುಟ್ಟಿದ ಓಲೆಯ ಪಂಕ್ತಿಯನ್ನು ವಿವರಿಸೆಂದು ಕೇಳುತ್ತಿದ್ದ ಶಲಾಕಾಪರೀಕ್ಷೆಯೂ ಓದಿದ ಗ್ರಂಥದಲ್ಲಿಯೇ ನಡೆಯುತ್ತಿದ್ದದ್ದು. ಆದರೆ ಅಲ್ಲಿ ಯಾವ ಓಲೆ ಬರುವುದೆಂಬುದು ಪರೀಕ್ಷಕನಿಗೂ ತಿಳಿಯದು. ಇಂದಿನ ಪದ್ಯಭಾಗವು ಯಾವುದಾಗಬಹುದೆಂಬುದನ್ನು ಹಿಂದಿನ ವರ್ಷಗಳ ಪತ್ರಿಕೆಗಳನ್ನು ಹರಡಿಕೊಂಡು ವಿದ್ಯಾರ್ಥಿಗಳು ಬಹುಮಟ್ಟಿಗೆ ಊಹಿಸಿಬಿಡುತ್ತಾರೆ.

ಉದಾಹರಣೆಗೆ ನಾಗಚಂದ್ರನನ್ನು ತೆಗೆದುಕೊಳ್ಳಬಹುದು. ‘ಸಾಹಿತ್ಯ ಸಂಪದ’ ಎಂಬ ಪಠ್ಯದಲ್ಲಿ ರಾಮಚಂದ್ರಚರಿತಪುರಾಣದಿಂದ, ಸೀತೆಯ ವಿಷಯದಲ್ಲಿ ರಾವಣನ ಮನಸ್ಸು ತಿರುಗುವ ಭಾಗವನ್ನು ಆರಿಸಿ ಸೇರಿಸಲಾಯಿತು. ಆಯ್ಕೆಯು ನಿಜವಾಗಿಯೂ ಶ್ಲಾಘ್ಯವಾದದ್ದು. ವಿಮಲಸೂರಿಯ ಪಉಮಚರಿಯದಿಂದ ಹರಿದುಬಂದ ಜೈನಪರಂಪರೆಯ ಈ ರಾವಣನು ರಾಕ್ಷಸನಲ್ಲ, ವಿದ್ಯಾಧರ. ಒಂದೇ ದೋಷದಿಂದ ಕೆಡುವ ಮಹಾಪುರುಷ. ಮನೆಯಲ್ಲಿ ಬೇರೆ ರಾಮಕಥೆಯನ್ನು ಕೇಳಿ ಬೆಳೆದ ಹುಡುಗನಿಗೆ ಈ ರಾವಣನನ್ನು ಕಂಡಾಗ ಬೆರಗಾಗಬೇಕು. ಆ ಬೆರಗೇ ಸಾಹಿತ್ಯಪಾಠದ ಫಲ. ಪಶ್ಚಾತ್ತಾಪವಾದ ಮೇಲೂ ರಾವಣನು ಯುದ್ಧವನ್ನು ಬಿಡನೇಕೆ? ಸೀತೆಯನ್ನು ಒಡನೆಯೇ ಒಪ್ಪಿಸದೆ ಮೊದಲು ಗೆದ್ದು ಆಮೇಲೆ ಒಪ್ಪಿಸುವೆನೆಂಬ ಅವನ ನಿಶ್ಚಯವು ಔದಾರ್ಯವೋ ಅಭಿಮಾನವೋ? ಇಂಥ ಪ್ರಶ್ನೆಗೆ ಎರಡು ಪಕ್ಷಗಳಿಗೂ ಪದ್ಯಗಳಲ್ಲಿಯೇ ಆಧಾರ ದೊರೆಯುತ್ತದೆ. ಆದರೆ ಮನಃಪರಿವರ್ತನೆಯ ಕಾರಣವೇನು, ಸೀತೆಯು ಏನೆಂದಳು ಎಂಬಷ್ಟಕ್ಕೇ ಪ್ರಶ್ನೆಯು ನಿಂತರೆ ಉತ್ತರವು ಕಥಾಸಂಗ್ರಹವಾಗುತ್ತದೆ. ರಸದ ಮಾತು ಹೊರಗುಳಿಯುತ್ತದೆ.

ಸಂದರ್ಭದ ಪ್ರಶ್ನೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಕವಿ, ಕೃತಿ, ಯಾರು ಯಾರಿಗೆ ಹೇಳಿದರು ಎಂದು ಅಂಕವನ್ನು ತುಂಡುಮಾಡಿ ಹಂಚುವ ರೂಢಿಯಿಂದ, ವಿವರಣೆಗೆ ಉಳಿಯುವುದು ಒಂದು ಚೂರು. ಪೂರ್ಣಚಂದ್ರ ತೇಜಸ್ವಿಯವರ ‘ಕೃಷ್ಣೇಗೌಡನ ಆನೆ’ಯಂಥ ಕೃತಿಗೂ ಇದೇ ಗತಿ. ಊರಿನವರು ತಂತಮ್ಮ ಕೊರತೆಗಳನ್ನೆಲ್ಲ ಒಂದು ಆನೆಯ ತಲೆಗೆ ಕಟ್ಟುವ ಆ ಕಥೆಯಲ್ಲಿ ನಗುವಿನ ಧ್ವನಿಯನ್ನು ಬಿಟ್ಟು ಘಟನೆಗಳನ್ನು ಮಾತ್ರ ಕೇಳಿದರೆ ಉಳಿಯುವುದು ಪಂಚನಾಮೆ.

ಇಷ್ಟಕ್ಕಿಂತ ಗುರುತರವಾದ ಅಂಶವೊಂದಿದೆ. ಅದನ್ನು ತಿಳಿಯಲು ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಹೋಬಳಿಯಂಥ ಪ್ರದೇಶವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಇಲ್ಲಿನ ಅನೇಕ ಮನೆಗಳ ಮಾತು ತೆಲುಗು. ಶಾಲೆಯ ಮಾತು ಕನ್ನಡ. ನೆರೆಯ ಕೈವಾರದ ನಾರಾಯಣಪ್ಪನವರು ಎರಡು ಭಾಷೆಗಳಲ್ಲಿಯೂ ಪದಗಳನ್ನು ರಚಿಸಿದುದು ಈ ಸೀಮೆಯಲ್ಲಿ ಆಶ್ಚರ್ಯದ ಸಂಗತಿಯಲ್ಲ. ರೇಷ್ಮೆ ಇಲ್ಲಿಯ ಜೀವನಾಧಾರ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ರಾಜ್ಯದ ದೊಡ್ಡವುಗಳಲ್ಲಿ ಒಂದು. ಹುಳುವು ಸೊಪ್ಪು ತಿನ್ನುವುದನ್ನು ಬಿಟ್ಟು ಪೊರೆ ಕಳಚುವುದಕ್ಕೆ ಇಲ್ಲಿ ‘ಜ್ವರ’ವೆಂದೇ ಹೆಸರು, ನಾಲ್ಕನೆಯ ಜ್ವರವೆದ್ದ ಮೇಲೆ ಹುಳು ‘ಹಣ್ಣಾಗು’ತ್ತದೆ, ಆಗ ಅದನ್ನು ಚಂದ್ರಂಕಿಗೆ ಬಿಡುತ್ತಾರೆ. ಈ ಹೋಬಳಿಯ ಹುಡುಗಿಯೊಬ್ಬಳು ಗ್ರಾಮೀಣ ಜೀವನವನ್ನು ಕುರಿತ ಪ್ರಬಂಧದಲ್ಲಿ ಹುಳುವಿಗೆ ಜ್ವರವೆದ್ದಿತು, ಹುಳು ಹಣ್ಣಾಯಿತು ಎಂದು ಬರೆದಳೆಂದು ಭಾವಿಸೋಣ. ಉತ್ತರಪತ್ರಿಕೆಯು ದೂರದ ಮೌಲ್ಯಮಾಪನಕೇಂದ್ರಕ್ಕೆ ಹೋಗುತ್ತದೆ. ರೇಷ್ಮೆಯನ್ನು ಕಾಣದ ಜಿಲ್ಲೆಯ ಪರೀಕ್ಷಕನು ಎರಡೂ ಪದಗಳ ಕೆಳಗೆ ಕೆಂಪುಗೆರೆ ಎಳೆದರೆ ಅವನನ್ನು ಸಂಪೂರ್ಣವಾಗಿ ದೂಷಿಸುವಂತಿಲ್ಲ. ಆದರೆ ಆ ಎರಡು ಪದಗಳಲ್ಲಿಯೇ ಆ ಬರೆಹದ ಲಕ್ಷಣೆಯೂ ಸತ್ಯವೂ ಇದ್ದುವು. ಅವುಗಳ ಬದಲು ಭಾರತವು ಹಳ್ಳಿಗಳ ದೇಶವೆಂಬ ಸಿದ್ಧವಾಕ್ಯವನ್ನು ಬರೆದವಳಿಗೆ ಅಂಕ ಕಡಿಮೆಯಾಗುವುದಿಲ್ಲ. ಒಂಬತ್ತನೆಯ ಶತಮಾನದಲ್ಲಿಯೇ ಕವಿರಾಜಮಾರ್ಗಕಾರನು, ದೇಸಿಯು ಬೇರೆ ಬೇರೆಯಾಗಿರುವುದರಿಂದ ಕನ್ನಡಗಳಲ್ಲಿ ದೋಷವಿಷ್ಟೆಂದು ನಿರ್ಣಯಿಸಲು ಹೊರಟರೆ ವಾಸುಕಿಯೂ ಬೇಸರಗೊಳ್ಳುವನೆಂದು ಎಚ್ಚರಿಸಿದ್ದಾನೆ. ಮೌಲ್ಯಮಾಪಕನು ವಾಸುಕಿಯಲ್ಲ, ಅವನಿಗಿರುವುದು ಒಂದು ನಾಲಿಗೆ, ದಿನಕ್ಕೆ ಇಷ್ಟು ಪತ್ರಿಕೆಗಳೆಂಬ ಲೆಕ್ಕ.

ಪತ್ರಲೇಖನವೂ ಹಾಗೆಯೇ. ಈ ಹೋಬಳಿಯ ಜಮೀನುಗಳನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳುವ ಪ್ರಸ್ತಾವದ ಮೇಲೆ ಇತ್ತೀಚಿನ ವರ್ಷಗಳಲ್ಲಿ ರೈತರಲ್ಲಿ ಎಷ್ಟು ಅರ್ಜಿಗಳು, ಎಷ್ಟು ವಾದಗಳು! ಪರೀಕ್ಷೆಯಲ್ಲಾದರೋ ವಿಳಾಸ, ದಿನಾಂಕ, ವಿಷಯ, ಇಂತಿ ನಿಮ್ಮ ವಿಶ್ವಾಸಿ ಎಂಬ ಅಂಗಗಳಿಗೆ ಅಂಕವುಂಟು. ಅರ್ಜಿಯೊಳಗಣ ವಾದವು ನಿಲ್ಲುತ್ತದೆಯೇ ಎಂಬುದಕ್ಕೆ ಬಹಳವಾಗಿ ಬೆಲೆಯಿಲ್ಲ.

ಇಲ್ಲಿ ಒಂದು ಬಲವಾದ ಪೂರ್ವಪಕ್ಷವಿದೆ. ವರ್ಷಕ್ಕೆ ಆರು ಲಕ್ಷಕ್ಕೂ ಮಿಕ್ಕ ವಿದ್ಯಾರ್ಥಿಗಳು ಈ ಪರೀಕ್ಷೆಗೆ ಕೂರುತ್ತಾರೆ. ಅಷ್ಟು ಜನಕ್ಕೆ ಸಮನಾದ ನ್ಯಾಯ ಬೇಕಾದರೆ ಉತ್ತರವು ಮೊದಲೇ ಗೊತ್ತಾಗಿರಬೇಕು. ಪರೀಕ್ಷಕನ ರುಚಿಗೆ ಬಿಟ್ಟರೆ ಬಡವರ ಮಕ್ಕಳಿಗೇ ಮೊದಲು ನಷ್ಟ. ಈ ಮಾತನ್ನು ಹಗುರವಾಗಿ ತಳ್ಳಲಾಗದು. ರಾಜಶೇಖರನೇ ಭಾವಕರನ್ನು ಅರೋಚಕಿ, ಸತೃಣಾಭ್ಯವಹಾರಿ, ಮತ್ಸರಿ, ತತ್ತ್ವಾಭಿನಿವೇಶಿ ಎಂದು ನಾಲ್ಕು ಬಗೆಯಾಗಿ ವಿಭಾಗಿಸಿ, ಕಡೆಯವನು ಸಾವಿರಕ್ಕೊಬ್ಬನೆಂದಿದ್ದಾನೆ. ಯಾವುದೂ ರುಚಿಸದವನ ಕೈಗೂ ಹುಲ್ಲುಸಹಿತ ಎಲ್ಲವನ್ನೂ ನುಂಗುವವನ ಕೈಗೂ ಪತ್ರಿಕೆ ಬೀಳುವ ಸಂಭವವಿರುವಾಗ, ಅಂಕಗಳ ಹಂಚಿಕೆಯ ಸೂಚಿಯು ವಿದ್ಯಾರ್ಥಿಗೆ ಕವಚದಂತಿದೆ.

ಆದರೆ ಕವಚವನ್ನು ಉಳಿಸಿಕೊಂಡೇ ತೆರೆದ ಪ್ರಶ್ನೆಯನ್ನು ಕೇಳಲು ಶಕ್ಯವೆಂಬುದಕ್ಕೆ ನಿದರ್ಶನವಿದೆ. 1968ರಲ್ಲಿ ಜಿನೀವದಲ್ಲಿ ಆರಂಭವಾದ ಅಂತರರಾಷ್ಟ್ರೀಯ ಬ್ಯಾಕಲಾರಿಯೇಟಿನ ಭಾಷಾಸಾಹಿತ್ಯ ಪಾಠಕ್ರಮದಲ್ಲಿ ಮೊದಲನೆಯ ಪತ್ರಿಕೆಯು ವಿದ್ಯಾರ್ಥಿಯು ಹಿಂದೆ ಕಾಣದ ಬರೆಹದ ವಿಶ್ಲೇಷಣೆ. ಎರಡನೆಯದು ಓದಿದ ಎರಡು ಕೃತಿಗಳ ತೌಲನಿಕ ಪ್ರಬಂಧ. ಇವಲ್ಲದೆ ಮೌಖಿಕವೂ ಉಂಟು. ಅಲ್ಲಿ ಮಾದರಿ ಉತ್ತರದ ಸ್ಥಾನದಲ್ಲಿ ಮಾನದಂಡಗಳಿವೆ: ಗ್ರಹಣವೆಷ್ಟು, ವಿಶ್ಲೇಷಣೆಯೆಷ್ಟು, ವಿನ್ಯಾಸ ಹೇಗೆ, ಭಾಷೆ ಹೇಗೆ. ಉತ್ತರವು ಯಾವುದೇ ಆಗಲಿ, ಅದು ಮೂಲದ ಮೇಲೆ ನಿಂತಿದೆಯೇ ಎಂಬುದೇ ವಿಚಾರ. ಶುಲ್ಕ ತೆತ್ತು ಓದುವ ಕೆಲವರ ಆ ವ್ಯವಸ್ಥೆಯನ್ನು ಹಾಗೆಹಾಗೆಯೇ ಹೋಬಳಿಯ ಕಾಲೇಜಿಗೆ ಹೊತ್ತು ತರುವುದು ಅವಿವೇಕ. 80 ಅಂಕಗಳಲ್ಲಿ ಎಂಟನ್ನು ಮಾತ್ರ ಪಠ್ಯದಲ್ಲಿಲ್ಲದ ಒಂದು ಸುಲಭವಾದ ವಚನಕ್ಕೋ ನಡುಗನ್ನಡ ಷಟ್ಪದಿಗೋ ಮೀಸಲಿಟ್ಟು, ಕಠಿಣಪದಗಳ ಅರ್ಥವನ್ನು ಕೆಳಗೆ ಕೊಟ್ಟು, ಅನ್ವಯಕ್ಕೆ ಇಷ್ಟು, ತಾತ್ಪರ್ಯಕ್ಕೆ ಇಷ್ಟು, ಆಧಾರಕ್ಕೆ ಇಷ್ಟು ಎಂದು ಹಂಚಿದರೆ ಗೈಡುಗಳಿಗೆ ಅಲ್ಲಿ ಕೆಲಸವಿರದು. ಪ್ರಬಂಧದ ಸೂಚಿಯಲ್ಲಿ, ಕಸುಬಿನ ಹಾಗೂ ಪ್ರಾಂತದ ಪದಗಳು ಸಂದರ್ಭದಿಂದ ಅರ್ಥವಾಗುವಂತಿದ್ದರೆ ಅವನ್ನು ದೋಷವೆಂದು ಎಣಿಸಬಾರದೆಂಬ ಒಂದು ವಾಕ್ಯ ಸೇರಿದರೆ ಸಾಕು. ಅದಕ್ಕೆ ಹೊಸ ವೆಚ್ಚವಿಲ್ಲ.

ಇನ್ನು ಆಂತರಿಕವಾದ 20 ಅಂಕಗಳು. ಕಿರುಪರೀಕ್ಷೆಗೂ ಯೋಜನಾಕಾರ್ಯಕ್ಕೂ ಹಂಚಿಹೋಗಿರುವ ಇವು ಎಲ್ಲರಿಗೂ ಪೂರ್ಣವಾಗಿ ದೊರೆಯುವ ದಾನವಾಗಿಬಿಡುವ ಅಪಾಯವುಂಟು. ಯೋಜನಾಕಾರ್ಯವೆಂದು ಚಿತ್ರಗಳನ್ನು ಅಂಟಿಸಿದ ಕವಿಪರಿಚಯದ ಹೊತ್ತಗೆಯನ್ನು ತರಿಸುವುದಕ್ಕಿಂತ, ಕುಮಾರವ್ಯಾಸನ ಐದು ಷಟ್ಪದಿಗಳನ್ನು ಯತಿಯರಿತು ಗಟ್ಟಿಯಾಗಿ ಓದಿಸುವುದು ಮೇಲು. ಪದವನ್ನು ಎಲ್ಲಿ ಒಡೆದನು, ಎಲ್ಲಿ ನಿಂತನು ಎಂಬುದರಿಂದಲೇ ಓದುವವನಿಗೆ ಅರ್ಥವಾಗಿದೆಯೋ ಇಲ್ಲವೋ ಎಂಬುದು ಕೇಳುವ ಉಪಾಧ್ಯಾಯನಿಗೆ ಅರ್ಧಗಳಿಗೆಯಲ್ಲಿ ತಿಳಿಯುತ್ತದೆ. ಮನೆಯಲ್ಲಿ ತೆಲುಗಾಡುವ ಹುಡುಗನಿಗೆ ಇದು ಕಷ್ಟವಾದೀತೆಂಬ ಶಂಕೆಗೆ ಎಡೆಯಿಲ್ಲ. ಷಟ್ಪದಿಯ ಮಾತ್ರಾಗತಿಯು ಅಪರಿಚಿತವೆನಿಸದಷ್ಟು ತತ್ತ್ವಪದಗಳನ್ನು ಅವನು ಭಜನೆಯಲ್ಲಿ ಕೇಳಿರುತ್ತಾನೆ.