ಸ್ಟ್ಯಾಕ್ ಎಂದರೆ ರಾಶಿಯೇ?

ಇಂಗ್ಲಿಷಿನ 'ಸ್ಟ್ಯಾಕ್' ಎಂಬ ಪದ ಎದುರಾದಾಗ ನಮ್ಮ ಎಷ್ಟೋ ಅನುವಾದಕರು 'ರಾಶಿ' ಎಂದು ಬರೆದು ಮುಂದೆ ಹೋಗಿಬಿಡುತ್ತಾರೆ. 'ಹೀಪ್'ಗೂ ರಾಶಿ, 'ಪೈಲ್'ಗೂ ರಾಶಿ. ಒಗೆಯಲೆಂದು ಬಚ್ಚಲಲ್ಲಿ ಬಿದ್ದಿರುವ ಬಟ್ಟೆಯೂ ರಾಶಿ, ಒಗೆದು, ಒಣಗಿಸಿ, ಮಡಿಸಿ ಬೀರುವಿನಲ್ಲಿ ಜೋಡಿಸಿಟ್ಟ ಬಟ್ಟೆಯೂ ರಾಶಿ ಎನ್ನುವುದಾದರೆ, ನಡುವೆ ನಾವು ಮಾಡಿದ ಕೆಲಸ ಎಲ್ಲಿಗೆ ಹೋಯಿತು? ನನ್ನ ತಕರಾರು ಇಷ್ಟೇ.

ಈ ಪದ ಹುಟ್ಟಿದ್ದು ಹೊಲದಲ್ಲಿ. ಹಳೆಯ ನಾರ್ಸ್ ಭಾಷೆಯಲ್ಲಿ 'ಸ್ಟಕ್ಕರ್' ಎಂದರೆ ಹುಲ್ಲಿನ ಬಣವೆ. ಅಲ್ಲಿಂದ ಇಂಗ್ಲಿಷಿಗೆ ಬಂದು ಹೊಗೆಕೊಳವೆಗೂ, ಗ್ರಂಥಾಲಯದ ಪುಸ್ತಕದ ಕಪಾಟುಗಳಿಗೂ ಹೆಸರಾಯಿತು. ಸುರಿದರೆ ಹೀಪ್, ಪೇರಿಸಿದರೆ ಸ್ಟ್ಯಾಕ್. 'ಪೈಲ್' ಎರಡಕ್ಕೂ ಸಲ್ಲುತ್ತದೆ. ನಮ್ಮ ಊರಿನ ಗೋಡೆಗಳ ಮೇಲೆ ದೊಡ್ಡಕ್ಷರದಲ್ಲಿ ಬರೆದಿರುವ 'ಪೈಲ್ಸ್' ಬೇರೆ, ಗಾಬರಿಯಾಗಬೇಡಿ! ಮೂಲವ್ಯಾಧಿಯ ಆ ಪದ ಚೆಂಡು ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು, ರಾಶಿಯ ಪೈಲ್ ಕಂಬ ಎಂಬ ಅರ್ಥದ ಮಾತಿನಿಂದ.

ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೊನೆ 1890-91ರಲ್ಲಿ ಜಿವೆರ್ನಿ ಎಂಬ ಹಳ್ಳಿಯ ತನ್ನ ಮನೆಯ ಹತ್ತಿರದ ಹೊಲದಲ್ಲಿ ಒಂದೇ ವಸ್ತುವನ್ನು ಬಿಸಿಲು, ಮಂಜು, ಸಂಜೆಗಳಲ್ಲಿ ಮತ್ತೆ ಮತ್ತೆ ಬರೆದ. ಇಂಗ್ಲಿಷಿನವರು ಆ ಚಿತ್ರಗಳನ್ನು 'ಹೇಸ್ಟ್ಯಾಕ್ಸ್' ಎಂದು ಕರೆದರು. ನಿಜಕ್ಕೂ ಅವು ಹುಲ್ಲಲ್ಲ, ತೆನೆ ಬಿಡಿಸದೆ ಪೇರಿಸಿದ ಗೋಧಿಯ ಸಿವುಡುಗಳು. ನಮ್ಮ ಕಡೆಯ ರೈತ ಹೆಂಗಸಿಗೆ ತೋರಿಸಿದ್ದರೆ 'ಮೆದೆ' ಎಂದುಬಿಡುತ್ತಿದ್ದಳು. ತೆನೆಸಹಿತ ಒಟ್ಟಿದ್ದು ಮೆದೆ, ಒಕ್ಕಿ ತೂರಿದ ಕಾಳು ರಾಶಿ, ಉಳಿದ ಹುಲ್ಲು ಬಣವೆ. ಇಷ್ಟು ಪದಗಳಿರುವ ನಾವು ಇಂಗ್ಲಿಷಿನೆದುರು ಏಕೆ ಬಡವರಾಗಬೇಕು?

ಕಂಪ್ಯೂಟರಿಗೆ ಬಂದರೆ ಪೇಚು ಇನ್ನೂ ಹೆಚ್ಚು. ಅದರ ನೆನಪಿನಲ್ಲಿ 'ಸ್ಟ್ಯಾಕ್' ಎಂದೊಂದು ಭಾಗ, 'ಹೀಪ್' ಎಂದೊಂದು ಭಾಗ. ಎರಡನ್ನೂ ರಾಶಿ ಎಂದರೆ ಓದುವ ಹುಡುಗಿ ಪರೀಕ್ಷೆಯಲ್ಲಿ ಏನು ಬರೆಯಬೇಕು? ಹೀಪಿನಲ್ಲಿ ಜಾಗವಿದ್ದಲ್ಲಿ ಇಡಬಹುದು, ಬೇಡವಾದಾಗ ತೆಗೆಯಬಹುದು. ಸ್ಟ್ಯಾಕಿನಲ್ಲಿ ಕೊನೆಗೆ ಇಟ್ಟದ್ದೇ ಮೊದಲು ಹೊರಬರಬೇಕು. ಜರ್ಮನಿಯ ಬಾವರ್ ಮತ್ತು ಸಾಮೆಲ್ಸನ್ ಎಂಬ ಇಬ್ಬರು ವಿದ್ವಾಂಸರು 1957ರಲ್ಲಿ ಈ ಕ್ರಮಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಅವರು ಇಟ್ಟ ಹೆಸರಿನ ಅರ್ಥ ನೆಲಮಾಳಿಗೆ. ನೋಡಿ, ಅವರಿಗೂ ಮನೆಯೊಳಗಿನ ಮಾತೇ ಬೇಕಾಯಿತು.

ನಮ್ಮ ಮನೆಯೊಳಗೂ ಅಂಥ ಮಾತು ಇತ್ತು: ಅಡಕಲು. ತಳದಲ್ಲಿ ಸಿಂಬೆ, ಅದರ ಮೇಲೆ ದೊಡ್ಡ ಹರವಿ, ಅದರ ಮೇಲೆ ಗಡಿಗೆ, ತುದಿಯಲ್ಲಿ ಪುಟ್ಟ ಕುಡಿಕೆ. ಒಂದರ ಮೇಲೊಂದು ಪೇರಿಸಿದ ಈ ಸಾಲೇ ಅಡಕಲು. ನನ್ನ ಅಜ್ಜಿಯ ಅಡುಗೆಮನೆಯಲ್ಲಿ ಮೂರು ಅಡಕಲುಗಳಿದ್ದವು. ದಿನಾ ಬೇಕಾಗುವ ಬೇಳೆ ಮೇಲೆ, ಬಿತ್ತನೆ ಬೀಜ ಕೆಳಗೆ, ಎಲ್ಲಕ್ಕಿಂತ ತಳದಲ್ಲಿ ತಾತನಿಗೂ ಗೊತ್ತಿರದ ಪುಡಿಗಾಸು. ಕೆಳಗಿನದು ಬೇಕೆಂದರೆ ಮೇಲಿನವನ್ನೆಲ್ಲ ಒಂದೊಂದಾಗಿ ಇಳಿಸಲೇಬೇಕು. ಅಷ್ಟು ಹೊತ್ತಿಗೆ ಖರ್ಚಿನ ಮನಸ್ಸೂ ಇಳಿದಿರುತ್ತದೆ ಎನ್ನುವುದು ಅವಳ ಲೆಕ್ಕ. ಕಂಪ್ಯೂಟರಿನ ನಿಯಮವೂ ಇದೇ ಅಲ್ಲವೇ?

ಮಣ್ಣಿನ ಗಡಿಗೆಗಳು ಹೋಗಿ ಸ್ಟೀಲಿನ ಡಬ್ಬಿಗಳು ಬಂದವು. ಜೋಡಿಸುವ ಕೈ ಹಾಗೇ ಉಳಿಯಿತು, ಮಾತು ಮಾತ್ರ ಮರೆಯಾಗುತ್ತಿದೆ. ಪರಿಭಾಷೆ ಕಟ್ಟುವವರು ಸಂಸ್ಕೃತದ ಕೋಶ ತೆರೆಯುವ ಮೊದಲು ಒಮ್ಮೆ ಅಡುಗೆಮನೆಗೆ ಬಂದು ಕೇಳಲಿ. ಮನೆಗೆಲಸಕ್ಕೆ ಬುದ್ಧಿ ಬೇಡ ಎಂದು ನಂಬಿರುವುದರಿಂದಲೇ ಅಲ್ಲಿನ ಪದಗಳೂ ಅವರ ಕಣ್ಣಿಗೆ ಬೀಳುವುದಿಲ್ಲ ಎಂಬುದು ನನ್ನ ಗುಮಾನಿ.

ಬೆಂಗಳೂರಿನ ಕಂಪನಿಗಳಲ್ಲಿ ಈಗ 'ಫುಲ್ ಸ್ಟ್ಯಾಕ್' ಎಂಜಿನಿಯರುಗಳಿಗೆ ಬೇಡಿಕೆಯಂತೆ. ತೆರೆಯ ಮೇಲೆ ಕಾಣುವುದರಿಂದ ಹಿಡಿದು ತಳದಲ್ಲಿ ಮಾಹಿತಿ ಕೂಡಿಡುವವರೆಗೆ ಎಲ್ಲ ಬಲ್ಲವರು. ನಿಮ್ಮ ಮಗಳು ಅಂಥ ಕೆಲಸಕ್ಕೆ ಸೇರಿದರೆ, ಇಡೀ ಅಡಕಲು ಬಲ್ಲವಳು ಎಂದು ಧೈರ್ಯವಾಗಿ ಹೇಳಿ.