ಕ್ವೆರಿಯೊಳಗಿನ ಫಂಕ್ಷನ್: ನಂಬಿಕೆ ಎಷ್ಟು, ತಪಾಸಣೆ ಎಷ್ಟು?

ಸಿ ಭಾಷೆಯಲ್ಲಿ ಎರಡು ಷರತ್ತುಗಳನ್ನು 'ಮತ್ತು' ಚಿಹ್ನೆಯಿಂದ ಜೋಡಿಸಿದರೆ ಎಡಗಡೆಯದನ್ನೇ ಮೊದಲು ಪರೀಕ್ಷಿಸಲಾಗುತ್ತದೆ. ಅದು ಸುಳ್ಳಾದರೆ ಬಲಗಡೆಯದನ್ನು ಮುಟ್ಟುವುದಿಲ್ಲ. ಡೇಟಾಬೇಸ್‌ಗಳ ಎಸ್‌ಕ್ಯೂಎಲ್ ಭಾಷೆಯಲ್ಲೂ ಹೀಗೆಯೇ ಎಂದು ನೀವು ಭಾವಿಸಿದರೆ ಎಡವುತ್ತೀರಿ.

ಅಂಕಪಟ್ಟಿಯೊಂದರಿಂದ 'ಪರೀಕ್ಷೆಗಳ ಸಂಖ್ಯೆ ಸೊನ್ನೆಯಲ್ಲ, ಮತ್ತು ಒಟ್ಟು ಅಂಕವನ್ನು ಆ ಸಂಖ್ಯೆಯಿಂದ ಭಾಗಿಸಿದರೆ 35ಕ್ಕಿಂತ ಹೆಚ್ಚು' ಎಂಬ ಷರತ್ತಿನ ಸಾಲುಗಳನ್ನು ಕೇಳಿದ್ದೀರಿ ಎನ್ನೋಣ. ಭಾಗಾಕಾರವೇ ಮೊದಲು ನಡೆದು, ಸೊನ್ನೆಯಿಂದ ಭಾಗಿಸಿದ ದೋಷ ತಲೆದೋರಬಹುದು. ಏನು ಬೇಕೆಂಬುದನ್ನಷ್ಟೇ ನೀವು ಹೇಳುತ್ತೀರಿ. ಯಾವ ಕ್ರಮದಲ್ಲಿ ಹುಡುಕಬೇಕೆಂಬುದನ್ನು ಡೇಟಾಬೇಸ್‌ನ ಪ್ಲಾನರ್ ನಿರ್ಧರಿಸುತ್ತದೆ. ವೇಗದ ಗುಟ್ಟು ಈ ಸ್ವಾತಂತ್ರ್ಯದಲ್ಲೇ ಇರುವುದರಿಂದ ಇದನ್ನು ಕೊರತೆ ಎನ್ನಲಾಗದು.

ಆಕ್ಷೇಪಿಸಬೇಕಾದದ್ದು ಬೇರೆ. ಇದೇ ಭಾಷೆ ಅಡ್ಡಪರಿಣಾಮವುಳ್ಳ ಫಂಕ್ಷನ್‌ಗಳನ್ನೂ ಷರತ್ತಿನೊಳಗೆ ಬಿಟ್ಟುಕೊಂಡಿದೆ. ಪೋಸ್ಟ್‌ಗ್ರೆಸ್ ಡೇಟಾಬೇಸನ್ನು ನೋಡಿ. ಅದರ ಅಂದಾಜಿನಲ್ಲಿ ಸಾದಾ ಹೋಲಿಕೆಯ ವೆಚ್ಚ 1; ನೀವು ಬರೆದ ಫಂಕ್ಷನ್‌ನ ವೆಚ್ಚ, ಬೇರೆ ಹೇಳದಿದ್ದರೆ, ಸಾಮಾನ್ಯವಾಗಿ 100. ಅಗ್ಗವಾದದ್ದಕ್ಕೆ ಮೊದಲ ಸರದಿ. ಹೀಗಾಗಿ ನೋಡಿದ ಪ್ರತಿ ಸಾಲನ್ನೂ ದಾಖಲಿಸುವ ಫಂಕ್ಷನನ್ನು ನೀವು ಮೊದಲೇ ಬರೆದಿದ್ದರೂ, ಅಂಕದ ಹೋಲಿಕೆಯಲ್ಲಿ ಬಿದ್ದುಹೋದ ಸಾಲುಗಳಿಗೆ ಅದು ಓಡದೇ ಇರಬಹುದು. ದಾಖಲೆ ಅಪೂರ್ಣವಾದರೂ ದೋಷಸಂದೇಶ ಬರುವುದಿಲ್ಲ.

ಪೋಸ್ಟ್‌ಗ್ರೆಸ್ ಇದಕ್ಕೆ ಮೂರು ಹಣೆಪಟ್ಟಿಗಳನ್ನು ಒದಗಿಸಿದೆ: ವೊಲಟೈಲ್, ಸ್ಟೇಬಲ್, ಇಮ್ಯೂಟಬಲ್. ಕಲ್ಪನೆ ಮೆಚ್ಚುವಂಥದು, ತಪಾಸಣೆ ಮಾತ್ರ ಅರೆಬರೆ. ಸ್ಟೇಬಲ್ ಫಂಕ್ಷನ್ ನೇರವಾಗಿ ದತ್ತಾಂಶ ಬದಲಿಸಹೊರಟರೆ ತಡೆಯುತ್ತದೆ. ಬದಲಿಸುವ ಇನ್ನೊಂದು ವೊಲಟೈಲ್ ಫಂಕ್ಷನನ್ನು ಅದರೊಳಗಿಂದ ಕರೆದರೆ ಸುಮ್ಮನಿರುತ್ತದೆ. ಇಮ್ಯೂಟಬಲ್ ಎಂದು ಸುಳ್ಳು ಹಣೆಪಟ್ಟಿ ಹಚ್ಚಿ ಅದರ ಮೇಲೆ ಸೂಚಿ ಕಟ್ಟಿದರೆ ಹುಡುಕಾಟದ ಉತ್ತರವೇ ತಪ್ಪಬಹುದು. ಬರೆದವರ ಮಾತೇ ಪ್ರಮಾಣವಾದಲ್ಲಿ ಸುರಕ್ಷತೆ ಎಲ್ಲಿಂದ ಬರಬೇಕು?

ಭಾಗಾಕಾರದಂಥ ಕಡೆ 'ಕೇಸ್' ರಚನೆ ಬಳಸಿ. ಅದು ಬಹುಮಟ್ಟಿಗೆ ಕ್ರಮವನ್ನು ಕಾಯುತ್ತದೆ. ಆದರೆ ಒಳಗಿನ ಸ್ಥಿರಾಂಕಗಳ ಲೆಕ್ಕ ಮುಂಚೆಯೇ ನಡೆಯಬಹುದೆಂಬುದು ನೆನಪಿರಲಿ. ದತ್ತಾಂಶ ಬದಲಿಸುವ ಕೆಲಸವನ್ನು ಷರತ್ತಿನಿಂದ ಹೊರಗಿಟ್ಟು ಪ್ರತ್ಯೇಕ ಆದೇಶವಾಗಿ ಬರೆಯಿರಿ. ಅಧ್ಯಾಪಕರು ಪ್ರಯೋಗಶಾಲೆಯಲ್ಲಿ ಉತ್ತರ ಸರಿಯೇ ಎಂದಷ್ಟೇ ನೋಡದೆ, ಷರತ್ತುಗಳ ಸರದಿ ಬದಲಾದರೂ ಅದೇ ಉತ್ತರ ಬರುವುದೇ ಎಂದು ಕೇಳಲಿ.